ದತ್ತು ಹಾದಿಯಲ್ಲಿ ಯಾವ ಮಾತು ಎಲ್ಲಿ

‘ಅವರು ಮಗು ತಂದರಂತೆ.’ ದತ್ತು ಪಡೆದ ಮನೆಯ ಬಗ್ಗೆ ಬೀದಿಯಲ್ಲಿ ಮೊದಲು ಹರಡುವ ಮಾತು ಇದು. ತರುವುದು ಅಕ್ಕಿಯನ್ನು, ತರಕಾರಿಯನ್ನು. ಮನುಷ್ಯರನ್ನು ಕರೆತರುತ್ತೇವೆ. ಅಜ್ಜಿಯನ್ನು ಊರಿಂದ ತಂದರು ಎಂದು ಯಾರೂ ಹೇಳುವುದಿಲ್ಲ. ‘ಸೊಸೆ ತಂದರು’ ಅನ್ನುವುದಿಲ್ಲವೇ ಎಂದು ಕೇಳಬಹುದು. ಅನ್ನುತ್ತೇವೆ, ಅದೂ ಬಿಡಬೇಕಾದ ಮಾತೇ. ‘ಮಗುವನ್ನು ಮನೆಗೆ ಕರೆದುಕೊಂಡು ಬಂದರು’ ಅಂದರೆ ಎರಡೇ ಪದ ಹೆಚ್ಚು. ಆ ಎರಡು ಪದದಲ್ಲಿ ಮಗು ಸಾಮಾನಿನಿಂದ ಮನುಷ್ಯನಾಗುತ್ತದೆ.

ನೋಂದಣಿಯಿಂದ ಹಿಡಿದು ಜಿಲ್ಲಾಧಿಕಾರಿಯ ಆದೇಶದವರೆಗೆ, ಅಲ್ಲಿಂದ ಶಾಲೆ, ಆಸ್ಪತ್ರೆ, ನಾಡಕಚೇರಿಯವರೆಗೆ ಈ ದಾರಿಯನ್ನು ನಡೆದವರು, ಬೇರೆ ಕುಟುಂಬಗಳ ಜೊತೆಗೂ ನಡೆದವರು ನಾವು. ಪ್ರತಿ ಘಟ್ಟದಲ್ಲೂ ಒಂದಲ್ಲ ಒಂದು ಮಾತು ಮುಗ್ಗರಿಸುತ್ತದೆ. ಎಲ್ಲಿ ಮುಗ್ಗರಿಸುತ್ತದೆ, ಯಾಕೆ, ಅಲ್ಲಿ ಏನು ಹೇಳಿದರೆ ಸರಿಹೋಗುತ್ತದೆ ಎಂಬುದನ್ನು ದಾರಿಯ ಕ್ರಮದಲ್ಲೇ ಬರೆದಿದ್ದೇವೆ.

ಎಲ್ಲಕ್ಕೂ ತಳಹದಿಯಾದ ಒಂದು ವಿಷಯವನ್ನು ಮೊದಲೇ ಹೇಳಬೇಕು. ದತ್ತು ಪಡೆಯುವುದು ಒಂದು ಕ್ರಿಯೆ. ಅದು ಒಂದು ದಿನ ನಡೆದು ಮುಗಿಯುತ್ತದೆ. ‘ಅವರು 2019ರಲ್ಲಿ ಮಗಳನ್ನು ದತ್ತು ಪಡೆದರು’ ಎಂಬ ವಾಕ್ಯದಲ್ಲಿ ಯಾವ ದೋಷವೂ ಇಲ್ಲ. ‘ಅವರ ದತ್ತುಮಗಳು ಡಿಗ್ರಿ ಮುಗಿಸಿದಳು’ ಎಂಬಲ್ಲಿ ಆ ಕ್ರಿಯಾಪದ ವಿಶೇಷಣವಾಗಿ ಮಗಳ ಬೆನ್ನಿಗೆ ಅಂಟಿಕೊಂಡಿದೆ. ಡಿಗ್ರಿಗೂ ದತ್ತಿಗೂ ಏನು ಸಂಬಂಧ? ಸಿಸೇರಿಯನ್‌ನಲ್ಲಿ ಹುಟ್ಟಿದವರನ್ನು ಇಪ್ಪತ್ತು ವರ್ಷ ಕಳೆದರೂ ‘ಸಿಸೇರಿಯನ್ ಮಗ’ ಎಂದು ಕರೆಯುತ್ತೇವೆಯೇ? ಸಂದರ್ಭ ಕೇಳಿದಾಗ ಮಾತ್ರ ದತ್ತಿನ ಮಾತು ಬರಲಿ, ಕ್ರಿಯಾಪದವಾಗಿಯೇ ಬರಲಿ. ಮುಂದೆ ಬರೆದಿರುವ ಮುಕ್ಕಾಲು ಪಾಲು ಈ ಒಂದು ವಿಷಯದ ವಿಸ್ತರಣೆ.

ಕನ್ನಡಿಗರಿಗೆ ‘ದತ್ತು’ ಪದ ಬಂದಿರುವುದೇ ಗದ್ದುಗೆಯ ದಾರಿಯಲ್ಲಿ. ಶಾಲೆಯ ಪಾಠದಲ್ಲಿ ನಾವೆಲ್ಲ ಅದನ್ನು ಮೊದಲು ಓದಿದ್ದು ಕಿತ್ತೂರಿನ ಕಥೆಯಲ್ಲಿ. ಸಂಸ್ಥಾನದ ದತ್ತುಪುತ್ರ ಶಿವಲಿಂಗಪ್ಪನನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ, 1824ರಲ್ಲಿ ಯುದ್ಧವಾಯಿತು. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. ಬ್ರಿಟಿಷರು ಅದನ್ನು ಒಪ್ಪಿದ್ದು ಎರಡು ವರ್ಷದ ಮೇಲೆ. ಎರಡೂ ಕಡೆ ಪ್ರಶ್ನೆ ಒಂದೇ: ಮನೆತನಕ್ಕೆ ವಾರಸುದಾರ ಬೇಕು. ಈಗಿನ ಕಾನೂನು ತಿರುಗುಮುರುಗಾಗಿ ಯೋಚಿಸುತ್ತದೆ. ಮಗುವಿಗೆ ಮನೆ ಬೇಕು, ಅದಕ್ಕೆ ತಕ್ಕ ತಂದೆತಾಯಿಯನ್ನು ಹುಡುಕುತ್ತೇವೆ ಎನ್ನುತ್ತದೆ. ನಮ್ಮ ಮಾತು ಮಾತ್ರ ಇನ್ನೂ ಹಳೆಯ ಜಾಗದಲ್ಲೇ ನಿಂತಿದೆ. ‘ವಂಶ ಉದ್ಧಾರಕ್ಕೆ ಒಂದು ಗಂಡು ತಗೊಳ್ಳಿ’ ಎಂಬ ಸಲಹೆ ಬರುವುದು ಅಲ್ಲಿಂದಲೇ.

ಇನ್ನು ನೋಂದಣಿ. ಬಾಲನ್ಯಾಯ ಕಾಯ್ದೆ 2015ರ ಅಡಿ ದತ್ತು ಪಡೆಯುವವರು ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರದ, ಅಂದರೆ ಎಲ್ಲರೂ ‘ಕಾರಾ’ ಎನ್ನುವ ಸಂಸ್ಥೆಯ, ಜಾಲತಾಣದಲ್ಲಿ ಹೆಸರು ಬರೆಸಬೇಕು. ಪ್ಯಾನ್, ವಿಳಾಸ, ಆದಾಯ, ವಿವಾಹ ಪ್ರಮಾಣಪತ್ರ, ವೈದ್ಯಕೀಯ ಪ್ರಮಾಣಪತ್ರಗಳನ್ನೆಲ್ಲ 30 ದಿನದೊಳಗೆ ಏರಿಸಬೇಕು. ದಂಪತಿಯಾದರೆ ಕನಿಷ್ಠ ಎರಡು ವರ್ಷದ ಸ್ಥಿರ ದಾಂಪತ್ಯ ಬೇಕು. ಎರಡು ವರ್ಷದೊಳಗಿನ ಮಗುವಿಗೆ ಇಬ್ಬರ ವಯಸ್ಸು ಕೂಡಿ 85 ಮೀರಬಾರದು. ಒಂಟಿ ಮಹಿಳೆ ಗಂಡು ಹೆಣ್ಣು ಯಾವ ಮಗುವನ್ನಾದರೂ ದತ್ತು ಪಡೆಯಬಹುದು, ಒಂಟಿ ಪುರುಷ ಹೆಣ್ಣುಮಗುವನ್ನು ಪಡೆಯುವಂತಿಲ್ಲ. ಈ ಹಂತದಲ್ಲಿ ನಿಮ್ಮನ್ನು ಕರೆಯುವ ಅಧಿಕೃತ ಹೆಸರು ‘ಭಾವಿ ದತ್ತು ಪೋಷಕರು’. ‘ಗ್ರಾಹಕರು’ ಅಲ್ಲ, ‘ಬೇಡಿಕೆದಾರರು’ ಅಲ್ಲ. ‘ಬುಕ್ ಮಾಡಿದ್ದೀವಿ’ ಎಂದು ಹೇಳಿಕೊಳ್ಳುವ ಪೋಷಕರೂ ಇದ್ದಾರೆ. ಸೈಟು ಬುಕ್ ಮಾಡುತ್ತಾರೆ. ಇಲ್ಲಿ ‘ಹೆಸರು ನೋಂದಾಯಿಸಿದ್ದೀವಿ’ ಅನ್ನಿ ಸಾಕು.

ನೋಂದಾಯಿಸಿದ ಸುದ್ದಿ ತಿಳಿದ ಕೂಡಲೇ ನೆಂಟರಿಂದ ಎರಡು ಬಗೆಯ ಮಾತು ಬರುತ್ತದೆ. ಒಂದು, ‘ಇನ್ನೊಂದು ಸಲ ಡಾಕ್ಟರ್ ಹತ್ರ ತೋರಿಸಬಾರದಿತ್ತಾ?’ ಇನ್ನೊಂದು, ‘ಎಂಥಾ ಪುಣ್ಯದ ಕೆಲಸ!’ ಮೊದಲನೆಯದರಲ್ಲಿ ದತ್ತು ಕೊನೆಯ ದಾರಿ, ಉಳಿದಿದ್ದು ಸಿಗದಿದ್ದಕ್ಕೆ ಹಿಡಿದದ್ದು. ಅದರ ನೋವು ಹೇಳದೆಯೂ ಗೊತ್ತಾಗುತ್ತದೆ. ಎರಡನೆಯದು ಹೊಗಳಿಕೆಯ ರೂಪದಲ್ಲಿ ಬರುವುದರಿಂದ ಹೆಚ್ಚು ಹಾನಿ ಮಾಡುತ್ತದೆ. ಪುಣ್ಯದ ಕೆಲಸವಾದರೆ ಮಗು ಉಪಕಾರ ಪಡೆದವನಾಗುತ್ತಾನೆ, ಜೀವನವಿಡೀ ಋಣಿ. ಹದಿನಾಲ್ಕನೇ ವಯಸ್ಸಿನಲ್ಲಿ ಬಾಗಿಲು ಬಡಿದು ಕೋಣೆಗೆ ಹೋಗುವ ಹಕ್ಕು ಎಲ್ಲ ಮಕ್ಕಳಿಗೂ ಇದೆ. ಪುಣ್ಯದ ಲೆಕ್ಕದ ಮನೆಯಲ್ಲಿ ಅದು ‘ಕೃತಘ್ನತೆ’ ಆಗಿಬಿಡುತ್ತದೆ. ಉತ್ತರ ಚಿಕ್ಕದಾಗಿರಲಿ: ‘ಪುಣ್ಯಕ್ಕಲ್ಲ, ನಮಗೆ ಮಗು ಬೇಕು ಅಂತ.’ ಮೊದಲ ಸಲ ಇದನ್ನು ಹೇಳುವಾಗ ಎದುರಿನವರಿಗೆ ಮುಜುಗರವಾಗುತ್ತದೆ. ಎರಡನೇ ಸಲ ಅವರೇ ಬೇರೆಯವರಿಗೆ ಹೇಳುತ್ತಾರೆ.

ದಾಖಲೆ ಸೇರಿದ ಮೇಲೆ ಗೃಹ ಅಧ್ಯಯನ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಿಂದಲೋ, ಮಕ್ಕಳನ್ನು ನೋಡಿಕೊಂಡು ದತ್ತು ಕೊಡುವ ವಿಶೇಷ ದತ್ತು ಸಂಸ್ಥೆಯಿಂದಲೋ ಸಮಾಜ ಕಾರ್ಯಕರ್ತರು ಮನೆಗೆ ಬರುತ್ತಾರೆ. 60 ದಿನದಲ್ಲಿ ವರದಿ ಆಗಬೇಕು, ಮೂರು ವರ್ಷ ಅದಕ್ಕೆ ಮಾನ್ಯತೆ. ಅವರು ಫ್ರಿಜ್ ನೋಡಲು ಬರುವುದಿಲ್ಲ. ಅಜ್ಜಿ ಆಡುವ ಮಾತು ಕೇಳಲು ಬರುತ್ತಾರೆ ಎಂದರೆ ಹೆಚ್ಚು ಸರಿ. ಕಾಫಿ ಕೊಡುತ್ತಾ ಅಜ್ಜಿ ‘ಯಾರ ರಕ್ತವೋ ಏನೋ, ನೋಡಿ ಒಳ್ಳೇ ಜಾತೀದೇ ಕೊಡಿ’ ಎಂದರೆ ಬಂದವರ ಪೆನ್ನು ನಿಲ್ಲುತ್ತದೆ. ಹಾಗೆಂದು ಅಜ್ಜಿಗೆ ಉತ್ತರ ಬಾಯಿಪಾಠ ಮಾಡಿಸುವುದು ಕೆಟ್ಟ ಉಪಾಯ, ಮಗು ಬಂದ ಮೇಲೆ ಅದೇ ಮಾತು ತೊಟ್ಟಿಲ ಪಕ್ಕದಲ್ಲಿ ಹೊರಬರುತ್ತದೆ. ಭೇಟಿಗೆ ಒಂದೆರಡು ತಿಂಗಳು ಮೊದಲೇ ಮನೆಯವರೆಲ್ಲ ಕೂತು ಮಾತಾಡುವುದು ಒಳ್ಳೆಯದು. ಹಿರಿಯರ ಮಾತಿನ ಹಿಂದೆ ಇರುವುದು ಬಹುಪಾಲು ಭಯ: ದೊಡ್ಡವನಾದ ಮೇಲೆ ಬಿಟ್ಟುಹೋದರೆ, ಊರವರು ಆಡಿಕೊಂಡರೆ. ಭಯಕ್ಕೆ ಉತ್ತರ ಸಿಕ್ಕಿದರೆ ಮಾತು ತಾನಾಗಿಯೇ ಬದಲಾಗುತ್ತದೆ.

ಆಮೇಲೆ ಕಾಯುವುದು. ಚಿಕ್ಕ ಮಗುವಿಗಾಗಿ ಮೂರು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಈ ಅವಧಿಯ ಬಗ್ಗೆ ಹೆಚ್ಚು ಹೇಳಲು ಇಲ್ಲ, ‘ಇನ್ನೂ ಸಿಕ್ಕಿಲ್ವಾ?’ ಎಂದು ಯಾರನ್ನೂ ಕೇಳಬೇಡಿ ಎಂಬುದನ್ನು ಬಿಟ್ಟು.

ಕೊನೆಗೊಂದು ದಿನ ಮೊಬೈಲಿಗೆ ಸಂದೇಶ ಬರುತ್ತದೆ. ಜಾಲತಾಣದಲ್ಲಿ ಮಗುವಿನ ಫೋಟೋ, ಮಗುವಿನ ಅಧ್ಯಯನ ವರದಿ, ವೈದ್ಯಕೀಯ ಪರೀಕ್ಷಾ ವರದಿ ತೆರೆದುಕೊಳ್ಳುತ್ತವೆ. ಒಪ್ಪಿಗೆ ಕೊಡಲು 48 ಗಂಟೆ. ಈ ಎರಡು ದಿನದಲ್ಲಿ ಮನೆಯ ವಾಟ್ಸಾಪ್ ಗುಂಪಿಗೆ ಫೋಟೋ ಹೋಗಬಾರದು. ಮಗುವಿನ ಗುರುತು ಬಯಲು ಮಾಡುವುದು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಅಪರಾಧ. ಕಾನೂನಿನ ಮಾತು ಬಿಟ್ಟರೂ, ಫೋಟೋ ಹೋದ ಕೂಡಲೇ ‘ಬಣ್ಣ ಸ್ವಲ್ಪ ಕಮ್ಮಿ’, ‘ಕಣ್ಣು ನಿಮ್ಮ ಥರ ಇಲ್ಲ’ ಎಂಬ ತೀರ್ಪುಗಳು ಬರುತ್ತವೆ. ಹೆಣ್ಣು ನೋಡಿ ಬಂದವರು ಆಡುವ ಮಾತು, ಕೆಲವೇ ತಿಂಗಳ ಕೂಸಿನ ಮೇಲೆ. ‘ಮಗು ನೋಡೋಕೆ ಹೋಗ್ತಿದೀವಿ’ ಎಂಬ ಮಾತನ್ನೂ ಇದೇ ಕಾರಣಕ್ಕೆ ನಾವು ಬಿಟ್ಟೆವು. ‘ಮಗುವನ್ನು ಭೇಟಿಯಾಗಲು ಹೋಗ್ತಿದೀವಿ’ ಅನ್ನುತ್ತೇವೆ. ‘ಆರಿಸಿಕೊಂಡೆವು’ ಎಂಬುದೂ ನಿಜವಲ್ಲ. ಸಾಲಿನಲ್ಲಿ ನಿಮ್ಮ ಸರದಿ ಬಂದಾಗ ಒಂದು ಮಗುವಿನ ವಿವರ ಬರುತ್ತದೆ, ಅಷ್ಟೇ. ‘ನೂರು ಮಕ್ಕಳಲ್ಲಿ ನಿನ್ನನ್ನೇ ಆರಿಸಿದ್ದು’ ಎಂದು ಮಗುವಿಗೆ ಪ್ರೀತಿಯಿಂದ ಹೇಳುವವರಿದ್ದಾರೆ. ಆರಿಸಿದವರು ಬೇಡವೆಂದೂ ಹೇಳಬಲ್ಲರು ಎಂಬುದು ಏಳೆಂಟು ವರ್ಷದ ಮಗುವಿಗೆ ಹೊಳೆಯುತ್ತದೆ, ರಾತ್ರಿ ನಿದ್ದೆ ಕೆಡಿಸುತ್ತದೆ.

ವರದಿಯಲ್ಲಿ ಮಗುವಿನ ಹಿನ್ನೆಲೆಗೆ ಮೂರು ಪದಗಳಿರುತ್ತವೆ: ಅನಾಥ, ಪರಿತ್ಯಕ್ತ, ಒಪ್ಪಿಸಲ್ಪಟ್ಟ. ಇವು ಕಾನೂನಿನ ವರ್ಗಗಳು, ಒಂದೊಂದಕ್ಕೂ ಬೇರೆ ಕ್ರಮ ಇದೆ. ಸಾಕಲಾಗದ ಹೆತ್ತವರು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರೆ ಮರುಯೋಚನೆಗೆ ಎರಡು ತಿಂಗಳು ಕೊಡುತ್ತಾರೆ. ಯಾರದೆಂದು ತಿಳಿಯದ ಮಗುವಾದರೆ ವಿಚಾರಣೆ ನಡೆಯುತ್ತದೆ. ಎರಡು ವರ್ಷದೊಳಗಿನ ಮಗುವಾದರೆ ಎರಡು ತಿಂಗಳಲ್ಲಿ, ಅದಕ್ಕೂ ದೊಡ್ಡ ಮಗುವಾದರೆ ನಾಲ್ಕು ತಿಂಗಳಲ್ಲಿ ಸಮಿತಿ ತೀರ್ಮಾನಿಸಬೇಕು. ಆಗ ಆಗುವ ಘೋಷಣೆಗೆ ಕಚೇರಿಗಳಲ್ಲಿ ‘ದತ್ತುಮುಕ್ತ’ ಎಂದು ಬರೆಯುತ್ತಾರೆ. ಪೋಲಿಯೋಮುಕ್ತ, ಋಣಮುಕ್ತ ಎಂಬಲ್ಲಿ ‘ಮುಕ್ತ’ ಎಂದರೆ ಅದು ಇಲ್ಲದ್ದು. ಹಾಗಾಗಿ ‘ದತ್ತುಮುಕ್ತ ಮಗು’ ಎಂದರೆ ಕೇಳಿದವರಿಗೆ ದತ್ತು ಕೊಡಲಾಗದ ಮಗು ಎಂದೇ ಅರ್ಥವಾಗುತ್ತದೆ. ‘ದತ್ತು ನೀಡಲು ಕಾನೂನಿನ ಅಡ್ಡಿಯಿಲ್ಲದ ಮಗು’ ಎಂದು ಬರೆದರೆ ಉದ್ದವಾದರೂ ಗೊಂದಲವಿಲ್ಲ.

ಈ ಮೂರು ಪದಗಳು ಕಡತದಲ್ಲಿ ಇರಲಿ, ಮನೆಗೆ ಬೇಡ. ಅದರಲ್ಲೂ ‘ಅನಾಥ’. ತಂದೆತಾಯಿ ಇಲ್ಲದವರಿಗೆ ಆ ಪದ. ದತ್ತು ಆದೇಶವಾದ ಮಗುವಿಗೆ ಇಬ್ಬರೂ ಇದ್ದಾರೆ, ಒಂಟಿ ತಾಯಿಯ ಮಗುವಿಗೆ ತಾಯಿ ಇದ್ದಾಳೆ. ‘ಅನಾಥ ಮಗುವನ್ನು ಸಾಕುತ್ತಿದ್ದಾರೆ’ ಎಂಬ ಮಾತು ಮರ್ಯಾದೆಯ ವಿಷಯ ಆಮೇಲೆ, ಮೊದಲು ಸುಳ್ಳು.

ಹೆತ್ತ ತಾಯಿಯ ವಿಷಯಕ್ಕೆ ಬರೋಣ, ಇಲ್ಲಿ ಸ್ವಲ್ಪ ನಿಲ್ಲಬೇಕು. ಅಮೆರಿಕದ ಮಿನ್ನೆಸೋಟಾದಲ್ಲಿ ದತ್ತು ಕ್ಷೇತ್ರದಲ್ಲಿ ದುಡಿದ ಮರಿಯೆಟಾ ಸ್ಪೆನ್ಸರ್ 1979ರಲ್ಲಿ ದತ್ತಿನ ಪದಬಳಕೆಯ ಬಗ್ಗೆ ಬರೆದ ಲೇಖನದಿಂದ ಈ ಚರ್ಚೆಗೆ ಒಂದು ರೂಪ ಬಂತು. ‘ನಿಜವಾದ ತಾಯಿ’ ಎನ್ನುವುದನ್ನು ಬಿಟ್ಟು ‘ಜನ್ಮ ಕೊಟ್ಟ ತಾಯಿ’ ಎನ್ನಬೇಕು ಎಂಬುದು ಆ ಬಗೆಯ ತಿದ್ದುಪಡಿ. ಅದನ್ನು ನಮ್ಮ ಕಚೇರಿಗಳು ‘ಜೈವಿಕ ತಾಯಿ’ ಎಂದು ಕನ್ನಡಕ್ಕೆ ತಂದವು. ಜೈವಿಕ ಗೊಬ್ಬರ, ಜೈವಿಕ ಇಂಧನ, ಜೈವಿಕ ತಾಯಿ. ಕಾಗದದ ಮೇಲೆ ಅದು ಇರಬಹುದು, ಮಗುವಿನ ಕಿವಿಗೆ ಅದು ಪ್ರಯೋಗಶಾಲೆಯ ವಾಸನೆಯ ಪದ. ಕನ್ನಡಕ್ಕೆ ತನ್ನದೇ ಆದ ಪದ ಇದೆ. ಹೆತ್ತಮ್ಮ. ಹೆರುವ ನೋವು, ಗೌರವ ಎರಡೂ ಅದರಲ್ಲಿವೆ. ‘ಹೆತ್ತಮ್ಮ ಅಂದರೆ ನನ್ನ ಸ್ಥಾನ ಏನು’ ಎಂದು ಹೆದರುವ ತಾಯಂದಿರಿದ್ದಾರೆ. ಹೆದರಬೇಕಿಲ್ಲ. ಮಗು ‘ಅಮ್ಮಾ’ ಎಂದು ಕೂಗುವುದು ಒಬ್ಬಳನ್ನೇ, ಆ ಪದಕ್ಕೆ ಪೂರ್ವಪದ ಬೇಕಿಲ್ಲ. ಉದ್ಯೋಗಪರ್ವದಲ್ಲಿ ಕೃಷ್ಣ ಜನ್ಮರಹಸ್ಯ ಬಿಚ್ಚಿಟ್ಟಾಗ ಕರ್ಣ ತಾನು ರಾಧೆಯ ಮಗನೆಂದೇ ಹೇಳುತ್ತಾನೆ. ತನ್ನ ಮಲಮೂತ್ರ ಬಳಿದವಳು ಅವಳು ಎಂಬುದು ಅವನು ಕೊಡುವ ಕಾರಣಗಳಲ್ಲಿ ಒಂದು. ಕುಂತಿ ಯಾರೆಂದು ತಿಳಿದ ಮೇಲೂ ಅವನು ರಾಧೇಯನೇ.

ಹೆತ್ತವಳ ಬಗ್ಗೆ ‘ಬಿಸಾಡಿ ಹೋದಳು’, ‘ಬೇಡವಾಗಿ ಬಿಟ್ಟಳು’ ಎಂಬ ಮಾತುಗಳು ಮಗುವಿನ ಮೇಲೇ ಬೀಳುತ್ತವೆ. ಬಿಸಾಡುವುದು ಕಸವನ್ನು ತಾನೆ? ಸುದ್ದಿಯಲ್ಲಿ ‘ಪಾಪಿ ತಾಯಿ’ ಎಂದು ದಪ್ಪಕ್ಷರದಲ್ಲಿ ಬರೆಯುವವರು ಒಂದು ವಿಷಯ ಗಮನಿಸಬೇಕು. ಕೈಮೀರಿದ ಪರಿಸ್ಥಿತಿಯಿಂದ ಹೆತ್ತವರು ಮಗುವನ್ನು ಬಿಟ್ಟರೆ ಅದನ್ನು ಉದ್ದೇಶಪೂರ್ವಕ ಎಂದು ಭಾವಿಸಬಾರದೆಂದು ಕಾಯ್ದೆಯ 75ನೇ ಸೆಕ್ಷನ್ನೇ ಹೇಳುತ್ತದೆ. ಕಾನೂನು ಹಾಕದ ತೀರ್ಪನ್ನು ತಲೆಬರಹ ಹಾಕುತ್ತದೆ. ಆ ತಲೆಬರಹ ಇಂಟರ್ನೆಟ್ಟಿನಲ್ಲಿ ಉಳಿಯುತ್ತದೆ. ಊರು, ತಾರೀಖು ಹೊಂದಿಸಿ ಹದಿನೈದು ವರ್ಷದ ಹುಡುಗಿ ಅದನ್ನು ಹುಡುಕಿ ಓದಬಲ್ಲಳು. ‘ನವಜಾತ ಶಿಶು ಪತ್ತೆ, ಆಸ್ಪತ್ರೆಗೆ ದಾಖಲು, ಆರೋಗ್ಯ ಸ್ಥಿರ’. ಇಷ್ಟು ಸಾಕು. ನೆರವಿಗೆ ಮಕ್ಕಳ ಸಹಾಯವಾಣಿ 1098 ಎಂಬುದನ್ನೂ ಸೇರಿಸಿದರೆ ಆ ಸುದ್ದಿಯಿಂದ ಇನ್ನೊಂದು ಮಗುವಿಗೂ ಉಪಯೋಗ.

ಹಣದ ಮಾತು. ‘ಎಷ್ಟು ಕೊಟ್ರಿ?’ ಎಂದು ಕೇಳುವವರಲ್ಲಿ ಬಹಳ ಜನಕ್ಕೆ ಕೆಟ್ಟ ಉದ್ದೇಶವಿಲ್ಲ, ತಾವೂ ದತ್ತು ಪಡೆಯುವ ಯೋಚನೆಯಲ್ಲಿ ಇರುತ್ತಾರೆ. ಅವರಿಗೆ ನೇರ ಉತ್ತರ ಕೊಡಿ: ಗೃಹ ಅಧ್ಯಯನಕ್ಕೆ 6,000 ರೂಪಾಯಿ, ಮಗು ಬಂದ ಮೇಲಿನ ಪ್ರತಿ ಅನುಸರಣಾ ಭೇಟಿಗೆ 2,000, ದತ್ತು ಸಂಸ್ಥೆಯ ಮಕ್ಕಳ ಪಾಲನಾ ನಿಧಿಗೆ ನಿಯಮದಲ್ಲಿ ನಿಗದಿಯಾದ ಮೊತ್ತ. ಎಲ್ಲಕ್ಕೂ ರಸೀದಿ. ಇದು ಪ್ರಕ್ರಿಯೆಯ ಶುಲ್ಕ, ಮಗುವಿನ ಬೆಲೆಯಲ್ಲ. ಮಗುವಿಗೆ ಬೆಲೆ ಕಟ್ಟಿ ಕೊಳ್ಳುವುದು ಮಾರುವುದು 81ನೇ ಸೆಕ್ಷನ್ ಪ್ರಕಾರ ಐದು ವರ್ಷದವರೆಗೆ ಕಠಿಣ ಸಜೆಯ ಅಪರಾಧ. ಆಸ್ಪತ್ರೆಯಿಂದ ‘ನೇರವಾಗಿ ಕೊಡಿಸ್ತೀವಿ’ ಎನ್ನುವವರ ಮಾತಿಗೆ ಮರುಳಾದವರೂ ಅದೇ ಬಲೆಗೆ ಬೀಳುತ್ತಾರೆ. ಮಗು ಎದುರಿಗಿದ್ದಾಗ ಮಾತ್ರ ಈ ಲೆಕ್ಕ ಬೇಡ. ‘ಆಮೇಲೆ ಫೋನ್ ಮಾಡಿ, ಎಲ್ಲ ಹೇಳ್ತೀನಿ’ ಎಂದು ಮುಗಿಸಿ.

ಒಪ್ಪಿಗೆಯಾದ ಮೇಲೆ ಮಗು ನಿಮ್ಮ ಮನೆಗೆ ಬರುವುದು ‘ದತ್ತುಪೂರ್ವ ಪೋಷಣೆ’ ಎಂಬ ಹೆಸರಿನಲ್ಲಿ, ಆದೇಶ ಆಮೇಲೆ. ಮೊದಲು ಆದೇಶ ಕೊಡುತ್ತಿದ್ದದ್ದು ನ್ಯಾಯಾಲಯ. 2021ರ ತಿದ್ದುಪಡಿ ಜಾರಿಯಾದ 2022ರ ಸೆಪ್ಟೆಂಬರ್‌ನಿಂದ ಜಿಲ್ಲಾಧಿಕಾರಿ. ಅರ್ಜಿ ಸಲ್ಲಿಕೆಯಾಗಿ ಎರಡು ತಿಂಗಳಲ್ಲಿ ತೀರ್ಮಾನ ಆಗಬೇಕು. ಆದೇಶ ಬಂದ ದಿನದಿಂದ, 63ನೇ ಸೆಕ್ಷನ್ ಹೇಳುವಂತೆ, ಮಗು ಆ ತಂದೆತಾಯಿಗೆ ಹುಟ್ಟಿದ್ದೇ ಎಂಬಂತೆ ಎಲ್ಲ ಉದ್ದೇಶಕ್ಕೂ ಅವರ ಮಗು, ಆಸ್ತಿಗೂ ಸೇರಿ. ಜನನ ಪ್ರಮಾಣಪತ್ರದಲ್ಲಿ ತಂದೆ, ತಾಯಿ ಎಂಬ ಕಲಮಿನಲ್ಲಿ ನಿಮ್ಮ ಹೆಸರೇ ಬರುತ್ತದೆ.

ಇಷ್ಟಾದ ಮೇಲೂ ಪಹಣಿಯ ಕಾಗದಗಳಲ್ಲಿ ಒಂದು ಪದ ಬಂದು ಕೂರುತ್ತದೆ: ಸಾಕುಮಗ, ಸಾಕುಮಗಳು. ಅಜ್ಜ ತೀರಿಕೊಂಡ ಮೇಲೆ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ವಂಶವೃಕ್ಷ ಬೇಕು. ನಾಡಕಚೇರಿಗೆ ಅರ್ಜಿ, ಗ್ರಾಮ ಆಡಳಿತ ಅಧಿಕಾರಿಯ ಪರಿಶೀಲನೆ. ಊರಿನವರ ಹೇಳಿಕೆ ಬರೆದುಕೊಳ್ಳುವಾಗ ಯಾರೋ ‘ಅದು ಅವರ ಸಾಕುಮಗಳು’ ಎನ್ನುತ್ತಾರೆ, ಒಳ್ಳೆಯ ಮನಸ್ಸಿನಿಂದಲೇ. ಅದೇ ಪದ ಹಾಳೆಗೆ ಇಳಿಯುತ್ತದೆ. ಕಾನೂನಿನಲ್ಲಿ ಸಾಕಿದ ಮಗುವಿಗೂ ದತ್ತು ಪಡೆದ ಮಗುವಿಗೂ ಆಕಾಶ ಭೂಮಿಯ ಅಂತರ. ಬರೀ ಸಾಕಿದರೆ ವಾರಸು ಹಕ್ಕು ಬರುವುದಿಲ್ಲ. ಮುಂದೆ ದಾಯಾದಿಗಳು ತಕರಾರು ತೆಗೆದಾಗ ಅವರ ವಕೀಲರು ಮೊದಲು ಬೆರಳಿಡುವುದು ಆ ಒಂದು ಪದದ ಮೇಲೆ. ಆದ್ದರಿಂದ ವಂಶವೃಕ್ಷದ ಸಂಬಂಧದ ಕಲಮಿನಲ್ಲಿ ‘ಮಗಳು’ ಎಂದಷ್ಟೇ ಇರಬೇಕು. ಅರ್ಜಿಯ ಜೊತೆ ದತ್ತು ಆದೇಶದ ಪ್ರತಿಯನ್ನೂ ಜನನ ಪ್ರಮಾಣಪತ್ರದ ಪ್ರತಿಯನ್ನೂ ಇಡಿ, ಪ್ರಮಾಣಪತ್ರ ಕೈಗೆ ಬಂದ ಕೂಡಲೇ ಆ ಒಂದು ಸಾಲನ್ನು ಕಣ್ಣಿಟ್ಟು ಓದಿ. ತಪ್ಪಿದ್ದರೆ ಅಂದೇ ತಿದ್ದುಪಡಿ ಕೇಳಿ. ಹತ್ತು ವರ್ಷದ ಮೇಲೆ ತಿದ್ದಿಸುವುದು ನ್ಯಾಯಾಲಯದ ಕೆಲಸವಾಗಬಹುದು.

‘ಸಾಕು’ ಎಂಬ ಪದದ ಬಗ್ಗೆ ಇನ್ನೊಂದು ಮಾತು. ಸಾಕಿ ಸಲಹುವುದು ದೊಡ್ಡ ಮಾತು, ಅದನ್ನು ಯಾರೂ ಅಲ್ಲಗಳೆಯುತ್ತಿಲ್ಲ. ಆದರೆ ಸಾಕುಮಗ ಎಂದಾಗ ಪಕ್ಕದಲ್ಲೇ ಸಾಕುನಾಯಿ, ಸಾಕುಬೆಕ್ಕು ಬಂದು ನಿಲ್ಲುತ್ತವೆ. ಈ ಪದಕ್ಕೆ ಸರಿಯಾದ ಜಾಗ ಬೇರೆ ಇದೆ. ಹೆತ್ತವರು ಇದ್ದೂ ಸದ್ಯಕ್ಕೆ ನೋಡಿಕೊಳ್ಳಲಾಗದ ಮಗುವನ್ನು ಇನ್ನೊಂದು ಕುಟುಂಬ ಕೆಲಕಾಲ ನೋಡಿಕೊಳ್ಳುವ ವ್ಯವಸ್ಥೆಗೆ ‘ಸಾಕು ಪೋಷಕತ್ವ’ ಎಂದರೆ ಸರಿಹೋಗುತ್ತದೆ. ಅದು ತಾತ್ಕಾಲಿಕ, ದತ್ತು ಶಾಶ್ವತ. ಎರಡನ್ನೂ ಒಂದೇ ಪದದಿಂದ ಕರೆದರೆ ಎರಡಕ್ಕೂ ಅನ್ಯಾಯ. ‘ಮಲಮಗ’, ‘ಮಲತಾಯಿ’ಗಳೂ ಅಷ್ಟೇ. ಮರುಮದುವೆಯಾದ ಮನೆಯಲ್ಲಿ ಗಂಡನು ತನ್ನ ಹೆಂಡತಿಯ ಮೊದಲ ಮದುವೆಯ ಮಗುವನ್ನು ದತ್ತು ಪಡೆಯಲು ಈಗಿನ ನಿಯಮದಲ್ಲಿ ದಾರಿ ಇದೆ. ಆದೇಶದ ನಂತರ ಅಲ್ಲಿ ‘ಮಲ’ ಎಂಬುದಕ್ಕೆ ಜಾಗವಿಲ್ಲ.

‘ಸ್ವಂತ ಮಕ್ಕಳು ಇಲ್ವಾ?’ ಎಂಬ ಪ್ರಶ್ನೆಯನ್ನು ದತ್ತು ಕುಟುಂಬದವರೆಲ್ಲ ಕೇಳಿಸಿಕೊಂಡಿದ್ದಾರೆ. ಹೆತ್ತ ಮಗುವೂ ದತ್ತು ಪಡೆದ ಮಗುವೂ ಇರುವ ಮನೆಯಲ್ಲಿ ‘ಇವರಿಬ್ಬರಲ್ಲಿ ನಿಮ್ಮದು ಯಾವುದು?’ ಎಂಬ ಪ್ರಶ್ನೆ ಇಬ್ಬರೂ ಮಕ್ಕಳ ಮುಂದೆ ಬರುತ್ತದೆ. ಉತ್ತರ ಒಂದೇ, ‘ಇಬ್ಬರೂ ನಮ್ಮವರೇ’. ವಿವರಣೆ ಬೇಕಿಲ್ಲ. ವಿವರಣೆ ಕೊಡುತ್ತಾ ಹೋದರೆ ಮಗು ಕೈ ಬಿಡಿಸಿಕೊಂಡು ದೂರ ನಿಲ್ಲುತ್ತದೆ, ಗಮನಿಸಿ ನೋಡಿ.

ಮಗುವಿಗೆ ಹೇಳುವುದು ಯಾವಾಗ? ಮಾತು ಬರುವ ಮೊದಲೇ. ಹಾಲು ಕುಡಿಸುವಾಗ, ಮಲಗಿಸುವಾಗ ‘ನೀನು ಮನೆಗೆ ಬಂದ ದಿನ’ ಎಂಬ ಕಥೆ ಹೇಳುತ್ತಾ ಹೋದರೆ ‘ದತ್ತು’ ಎಂಬ ಪದ ಮಗುವಿಗೆ ಸುದ್ದಿಯಾಗುವುದೇ ಇಲ್ಲ, ಮೊದಲಿಂದ ಗೊತ್ತಿದ್ದದ್ದು ಆಗುತ್ತದೆ. ತಡ ಮಾಡಿದ ಮನೆಗಳಲ್ಲಿ ಅದು ಮದುವೆ ಮನೆಯಲ್ಲಿ, ಜಗಳದ ನಡುವೆ, ಯಾರದ್ದೋ ಬಾಯಿಂದ ಬರುತ್ತದೆ. ಆಗ ಮಗುವಿಗೆ ನೋವು ಕೊಡುವುದು ದತ್ತು ಅಲ್ಲ, ಇಷ್ಟು ವರ್ಷ ಎಲ್ಲರಿಗೂ ಗೊತ್ತಿದ್ದು ತನಗೆ ಮಾತ್ರ ಗೊತ್ತಿರಲಿಲ್ಲ ಎಂಬುದು.

ಪ್ರಶ್ನೆ ಬರುವುದು ಸಾಮಾನ್ಯವಾಗಿ ನಾಲ್ಕೈದು ವರ್ಷಕ್ಕೆ, ಸ್ನಾನದ ಮನೆಯಲ್ಲಿ. ತಲೆ ತುಂಬ ಸೋಪಿನ ನೊರೆ, ಕಣ್ಣು ಮುಚ್ಚಿಕೊಂಡೇ, ‘ಅಮ್ಮಾ, ನಾನು ನಿನ್ನ ಹೊಟ್ಟೇಲಿ ಇದ್ನಾ?’ ನೀರಿನ ಚೊಂಬು ಕೈಯಲ್ಲೇ ನಿಲ್ಲುತ್ತದೆ. ಆ ಕ್ಷಣಕ್ಕೆ ಮಾತು ಮೊದಲೇ ಸಿದ್ಧವಿರಬೇಕು. ‘ಇಲ್ಲ ಕಂದಾ. ನೀನು ಹೆತ್ತಮ್ಮನ ಹೊಟ್ಟೇಲಿ ಇದ್ದೆ. ಅಲ್ಲಿಂದ ಹುಟ್ಟಿದೆ. ಅವರಿಗೆ ಮಗುವನ್ನ ನೋಡ್ಕೊಳ್ಳೋಕೆ ಆಗ್ತಿರಲಿಲ್ಲ. ನಾನೂ ಅಪ್ಪನೂ ಮಗುವಿಗೆ ಕಾಯ್ತಾ ಇದ್ವಿ. ಆಮೇಲೆ ನೀನು ನಮ್ಮನೆಗೆ ಬಂದೆ.’ ಇದರಲ್ಲಿ ಸುಳ್ಳಿಲ್ಲ. ಹೆತ್ತವಳ ನಿಂದೆಯಿಲ್ಲ. ‘ನಿನ್ನನ್ನ ನೋಡ್ಕೊಳ್ಳೋಕೆ’ ಎನ್ನದೆ ‘ಮಗುವನ್ನ ನೋಡ್ಕೊಳ್ಳೋಕೆ’ ಎಂದದ್ದು ಬೇಕೆಂದೇ, ತಾನು ಕಷ್ಟದ ಮಗುವಾಗಿದ್ದೆನೇನೋ ಎಂದು ಅನ್ನಿಸದಿರಲಿ ಎಂದು. ‘ತುಂಬಾ ಪ್ರೀತಿ ಇದ್ದಿದ್ದಕ್ಕೇ ಕೊಟ್ಟಳು’ ಎಂಬ ಸಾಲನ್ನು ಹಲವರು ಸೇರಿಸುತ್ತಾರೆ. ಸೇರಿಸಬೇಡಿ. ಪ್ರೀತಿ ಇದ್ದವರು ಕೊಟ್ಟುಬಿಡುತ್ತಾರೆ ಎಂದಾದರೆ ನೀವೂ ಪ್ರೀತಿಸುತ್ತೀರಲ್ಲ? ಗೊತ್ತಿಲ್ಲದ್ದನ್ನು ‘ನಮಗೂ ಗೊತ್ತಿಲ್ಲ’ ಎಂದೇ ಹೇಳಿ. ‘ದೇವರು ಕೊಟ್ಟ’, ‘ನಕ್ಷತ್ರದಿಂದ ಬಂದೆ’ ಎಂಬ ಕಥೆಗಳನ್ನು ಎಂಟು ವರ್ಷಕ್ಕೆ ಮಗುವೇ ತಳ್ಳಿಹಾಕುತ್ತದೆ, ಜೊತೆಗೆ ನಿಮ್ಮ ಉಳಿದ ಮಾತನ್ನೂ ನಂಬದಾಗುತ್ತದೆ.

ನಮ್ಮ ಮನೆಗಳಲ್ಲಿ ಎಲ್ಲ ಮಕ್ಕಳನ್ನೂ ಗೋಳುಹೊಯ್ದುಕೊಳ್ಳುವ ಒಂದು ಹಾಸ್ಯ ಇದೆ: ‘ನಿನ್ನ ಸಂತೇಲಿ ತಂದಿದ್ದು’, ‘ನೀನು ತಿಪ್ಪೇಲಿ ಸಿಕ್ಕಿದ್ದು’. ಬೇಸಿಗೆ ರಜೆಯಲ್ಲಿ ಅಣ್ಣತಮ್ಮಂದಿರ ಮಕ್ಕಳು ಸೇರಿದಾಗ ಚಿಕ್ಕಪ್ಪಂದಿರು ಇದನ್ನು ಸರದಿಯ ಮೇಲೆ ಎಲ್ಲರಿಗೂ ಹೇಳುತ್ತಾರೆ. ಉಳಿದ ಮಕ್ಕಳು ಅಳುತ್ತಾ ನಗುತ್ತಾರೆ, ಒಂದು ಮಗು ಸುಮ್ಮನಾಗುತ್ತದೆ. ಆ ಮನೆಯಲ್ಲಿ ಈ ಹಾಸ್ಯ ಯಾರಿಗೂ ಬೇಡ ಎಂದು ಮೊದಲೇ ಎಲ್ಲರಿಗೂ ಹೇಳಿಟ್ಟಿರಬೇಕು. ಉಳಿದವರಿಗೆ ಈ ಹಾಸ್ಯ ಮಾಡಿ ಆ ಒಂದು ಮಗುವನ್ನು ಮಾತ್ರ ಬಿಟ್ಟರೆ ಅದೂ ಬೇರ್ಪಡಿಸಿದಂತೆಯೇ.

ಶಾಲೆಯಲ್ಲಿ ಎರಡು ಕಡೆ ಎಚ್ಚರ ಬೇಕು. ಪ್ರವೇಶ ಅರ್ಜಿಯಲ್ಲಿ ದತ್ತಿನ ಉಲ್ಲೇಖ ಅಗತ್ಯವೇ ಇಲ್ಲ, ಜನನ ಪ್ರಮಾಣಪತ್ರ ಸಾಕು. ಇನ್ನೊಂದು ಪರಿಸರ ಪಾಠದ ‘ನನ್ನ ಕುಟುಂಬ’. ಹುಟ್ಟಿದಾಗಿನ ಫೋಟೋ ತನ್ನಿ, ಯಾರ ಹಾಗೆ ಮೂಗಿದೆ ಬರೆಯಿರಿ ಎನ್ನುವ ಚಟುವಟಿಕೆಗಳು. ‘ಚಿಕ್ಕವರಿದ್ದಾಗಿನ ಯಾವುದಾದರೂ ಫೋಟೋ’ ಎಂದು ಶಿಕ್ಷಕರು ಬದಲಿಸಿದರೆ ತರಗತಿಯ ಯಾವ ಮಗುವಿಗೂ ತೊಂದರೆಯಿಲ್ಲ. ಶಿಕ್ಷಕರಿಗೆ ದತ್ತಿನ ವಿಷಯ ಹೇಳಬೇಕೇ ಎಂಬುದನ್ನು ಮಗು ದೊಡ್ಡದಿದ್ದರೆ ಮಗುವನ್ನೇ ಕೇಳಿ. ಆಸ್ಪತ್ರೆಯ ಮಾತು ಇನ್ನೂ ಸುಲಭ. ‘ಮನೆಯಲ್ಲಿ ಯಾರಿಗಾದರೂ ಶುಗರ್, ಬಿಪಿ?’ ಎಂದರೆ ‘ಮಗುವಿನ ಕೌಟುಂಬಿಕ ಆರೋಗ್ಯ ಮಾಹಿತಿ ಲಭ್ಯವಿಲ್ಲ’ ಎಂದರೆ ವೈದ್ಯರಿಗೆ ಬೇಕಾದಷ್ಟು ಸಿಕ್ಕಿತು. ಸಾಲಿನಲ್ಲಿ ಕೂತವರಿಗೆ ಬೇರೆಯದು ತಿಳಿಯಬೇಕಿಲ್ಲ.

ದೊಡ್ಡ ಮಕ್ಕಳು, ಅಂದರೆ ಆರೇಳು ವರ್ಷ ದಾಟಿದವರು ಬಂದಾಗ ಮಾತಿನ ಲೆಕ್ಕವೇ ಬೇರೆ. ಆದೇಶ ಕೊಡುವಾಗ ಮಗುವಿನ ವಯಸ್ಸು, ತಿಳಿವಳಿಕೆಗೆ ತಕ್ಕಂತೆ ಅದರ ಇಚ್ಛೆಯನ್ನೂ ಪರಿಗಣಿಸಬೇಕೆಂದು ಕಾನೂನು ಹೇಳುತ್ತದೆ. ಕನ್ನಡದಲ್ಲಿ ಮಗು ‘ಅದು’, ಕೂಸಿಗೆ ಅದು ಮುದ್ದಿನ ವ್ಯಾಕರಣ. ಒಂಬತ್ತು ವರ್ಷದ ಹುಡುಗಿಯ ವರದಿಯಲ್ಲಿ ‘ಅದು ಚೆನ್ನಾಗಿ ಊಟ ಮಾಡುತ್ತದೆ’ ಎಂದು ಬರೆದರೆ ಓದಲು ಬರುವ ಆ ಹುಡುಗಿ ಓದುತ್ತಾಳೆ. ‘ಅವಳು’ ಎಂದು ಬರೆಯಿರಿ. ಅವಳ ಹೆಸರನ್ನು ಬದಲಿಸುವ ಆಸೆಯನ್ನೂ ಹಿಡಿದಿಟ್ಟುಕೊಳ್ಳಿ. ಅವಳು ಜೊತೆಗೆ ತಂದಿರುವ ಸ್ವಂತದ್ದು ಬಹಳ ಸಲ ಅದೊಂದೇ. ಮೊದಲ ದಿನದಿಂದಲೇ ಅಮ್ಮಾ ಎನ್ನಲಿ ಎಂದೂ ಕಾಯಬೇಡಿ. ಆಂಟಿ ಎಂದೇ ಕೆಲವು ತಿಂಗಳು ಕರೆಯಬಹುದು. ಎರಡು ವರ್ಷದವರೆಗೆ ಆರು ತಿಂಗಳಿಗೊಮ್ಮೆ ಸಮಾಜ ಕಾರ್ಯಕರ್ತರು ಅನುಸರಣಾ ಭೇಟಿಗೆ ಬರುತ್ತಾರೆ. ಅವರ ಮುಂದೆ ‘ಇನ್ನೂ ಅಮ್ಮ ಅನ್ನಲ್ಲ’ ಎಂದು ದೂರುವುದು ಅವಳ ಎದುರಲ್ಲಿ ಬೇಡ.

ಊರಿನ ದೊಡ್ಡ ಮಾತಿಗೂ ಒಂದು ವಿನಂತಿ ಇದೆ. ಮೈಸೂರಿನ ಚಾಮರಾಜೇಂದ್ರ ಮೃಗಾಲಯದಲ್ಲಿ ಹುಲಿ, ಆನೆ, ಪಕ್ಷಿಗಳನ್ನು ‘ದತ್ತು’ ಪಡೆಯುವ ಯೋಜನೆ ಇದೆ. ಆಹಾರದ ಖರ್ಚು ಕೊಡುವ ಒಳ್ಳೆಯ ಯೋಜನೆ, ಅದರ ಬಗ್ಗೆ ತಕರಾರಿಲ್ಲ. ಶಾಲೆ ದತ್ತು, ಕೆರೆ ದತ್ತು, ಗ್ರಾಮ ದತ್ತು ಎಂಬವೂ ದಿನಾ ಕಾಣಿಸುತ್ತವೆ. ಅಲ್ಲೆಲ್ಲ ದತ್ತು ಎಂದರೆ ಒಂದಷ್ಟು ಕಾಲ ಹಣ ಕೊಡುವುದು, ಅವಧಿ ಮುಗಿದರೆ ನವೀಕರಿಸುವುದು ಅಥವಾ ಬಿಡುವುದು. ಇದನ್ನು ಓದಿದ ಮಗು ‘ನನ್ನನ್ನ ಎಷ್ಟು ವರ್ಷಕ್ಕೆ ದತ್ತು ತಗೊಂಡಿದ್ದು?’ ಎಂದು ಕೇಳಿದರೆ ಅದು ಮಗುವಿನ ತಪ್ಪಲ್ಲ. ‘ಪೋಷಕತ್ವ’, ‘ಪ್ರಾಯೋಜಕತ್ವ’ ಎಂಬ ಪದಗಳು ಕನ್ನಡದಲ್ಲಿ ಆಗಲೇ ಬಳಕೆಯಲ್ಲಿವೆ.

ಕೊನೆಯದಾಗಿ ಮೂಲದ ಹುಡುಕಾಟ, ಅಂದರೆ ದತ್ತು ಹೋದವರು ತಮ್ಮ ಹೆತ್ತವರ, ಹುಟ್ಟಿನ ವಿವರ ಹುಡುಕುವುದು. 18 ತುಂಬಿದವರು ತಾವೇ ಅರ್ಜಿ ಹಾಕಬಹುದು, ಅದಕ್ಕೂ ಚಿಕ್ಕವರಾದರೆ ತಂದೆತಾಯಿಯ ಜೊತೆ ಸೇರಿ. ಮೂರನೆಯವರು ಹುಡುಕಲು ಅವಕಾಶವಿಲ್ಲ. ಹೆತ್ತವರ ಗೌಪ್ಯತೆಯನ್ನೂ ಕಾಯಬೇಕಾಗುವುದರಿಂದ ಕೇಳಿದ್ದೆಲ್ಲ ಸಿಗುವ ಖಾತರಿಯಿಲ್ಲ. ವಿದೇಶಕ್ಕೆ ದತ್ತು ಹೋದವರು ಊರು ಹುಡುಕಿಕೊಂಡು ಬಂದಾಗ ‘ನಿಜವಾದ ತಾಯಿಗಾಗಿ ಬಂದ ಮಗಳು’ ಎಂದು ಬರೆಯುತ್ತಾರೆ. ಸ್ವೀಡನ್ನಿನಲ್ಲೋ ಇಟಲಿಯಲ್ಲೋ ಅವಳ ಶಾಲೆ ಬಾಕ್ಸಿಗೆ ಊಟ ಕಟ್ಟಿದವಳು ಸುಳ್ಳು ತಾಯಿಯೇ? ‘ಹೆತ್ತಮ್ಮನನ್ನು ಹುಡುಕುತ್ತಾ’ ಎಂದರೆ ಇಬ್ಬರಿಗೂ ಜಾಗವಿದೆ. ಹುಡುಕುವುದು ನಿಮ್ಮ ಮೇಲಿನ ಮುನಿಸಿನಿಂದಲ್ಲ, ಮುನಿಸೆಂದುಕೊಂಡು ಮಗುವಿನ ಮುಂದೆ ಕಣ್ಣೀರು ಹಾಕಬೇಡಿ. ಮುನ್ನೂರು ಕಿಲೋಮೀಟರ್ ದೂರದ ಕಚೇರಿಗೆ ಹೋಗುವ ದಿನ ಜೊತೆಗೆ ಹೋಗಿ, ಒಳಗೆ ಕರೆದರೆ ಮಾತ್ರ ಒಳಗೆ ಹೋಗಿ.

ಅದಕ್ಕಾಗಿ ಮೊದಲ ದಿನದಿಂದಲೇ ಒಂದು ಕಡತ ಇಡಬೇಕು. ಮಗುವಿನ ಅಧ್ಯಯನ ವರದಿ, ವೈದ್ಯಕೀಯ ವರದಿ, ದತ್ತು ಆದೇಶದ ದೃಢೀಕೃತ ಪ್ರತಿ, ಸಂಸ್ಥೆಯಲ್ಲಿ ಕರೆಯುತ್ತಿದ್ದ ಹೆಸರು, ಅಲ್ಲಿ ನೋಡಿಕೊಂಡವರ ಫೋಟೋ ಸಿಕ್ಕಿದರೆ ಅದು, ಬಂದ ದಿನ ತೊಟ್ಟಿದ್ದ ಬಟ್ಟೆ ಒಗೆದು ಮಡಿಸಿ ಒಂದು ಹತ್ತಿಯ ಚೀಲದಲ್ಲಿ. ಲ್ಯಾಮಿನೇಷನ್ ಮಾಡಿಸಬೇಡಿ, ಶಾಯಿ ಅಂಟಿಕೊಂಡು ಕಾಗದ ಹಾಳಾಗುತ್ತದೆ, ಕಚೇರಿಗಳೂ ಒಪ್ಪುವುದಿಲ್ಲ. ಕಡತದ ಮೇಲೆ ‘ದತ್ತು ದಾಖಲೆ’ ಎಂದು ಬರೆಯಬೇಡಿ. ಮಗುವಿನ ಹೆಸರು ಬರೆಯಿರಿ, ಕೈಗೆಟಕುವ ಕಪಾಟಿನಲ್ಲಿ ಇಡಿ.